ತಂತಿಕಳ್ಳರು

ದಾರಿಹೋಕರೊಡನೆ ಸ್ನೇಹ ಬೆಳೆಸಿ, ನಿರ್ಜನಸ್ಥಳದಲ್ಲಿ ಅವರ ಕೊರಳಿಗೆ ಉರುಲು ಬಿಗಿದು ಸುಲಿಯುತ್ತಿದ್ದ ಕೂಟದವರನ್ನು ಉತ್ತರದೇಶದಲ್ಲಿ ಠಕ್ಕರೆನ್ನುತ್ತಿದ್ದರು. ಮದರಾಸಿನ ವೈದ್ಯನಾದ ಷೆರ್ವುಡ್ಡನು 1816ರಲ್ಲಿ ಬರೆದ ಪ್ರಬಂಧದಲ್ಲಿ ಇವರ ಕನ್ನಡದ ಹೆಸರನ್ನೂ ಕೊಟ್ಟಿರುವನು: ತಂತಿಕಳ್ಳರು. ಹೆಸರಿನಲ್ಲಿ ತಂತಿಯಿದ್ದರೂ, ಠಕ್ಕರನ್ನು ಅಡಗಿಸಿದ ಸ್ಲೀಮನ್ನನ ಬರಹಗಳಲ್ಲಿ ಕಾಣುವ ಆಯುಧವು ಬರಿಯ ಕೈವಸ್ತ್ರ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಬೆಂಗಳೂರಿನ ಸುತ್ತಣ ಸೀಮೆಯಲ್ಲಿ ಸುಮಾರು 100 ಮಂದಿ ಸೆರೆಸಿಕ್ಕರು. ಅವರು ವಂಶಪರಂಪರೆಯ ಕೊಲೆಗಾರರೆಂದು ಆಗ ಯಾರೂ ಎಣಿಸಲಿಲ್ಲ. ಆ ಮಾತು ಹುಟ್ಟಿದ್ದು 1807ರಲ್ಲಿ ಚಿತ್ತೂರು ಆರ್ಕಾಟುಗಳ ನಡುವೆ ಹಿಡಿದವರಿಂದ. ಆ ಕಡೆ ಪಾಳೆಯಗಾರರೇ ಹಣ ಪಡೆದು ಇವರಿಗೆ ಆಶ್ರಯವೀಯುತ್ತಿದ್ದರಂತೆ. ನಮ್ಮ ದೇವನಹಳ್ಳಿಯ ಪಾಳೆಯಪಟ್ಟಾದರೋ 1749ರಲ್ಲಿಯೇ ಮೈಸೂರಿನ ವಶವಾಗಿದ್ದಿತು. ಹೈದರನು ಈ ಕಸುಬಿನವರನ್ನು ಉಗ್ರವಾಗಿ ದಂಡಿಸಿದನೆಂದು ಷೆರ್ವುಡ್ಡನೇ ಹೇಳುತ್ತಾನೆ. ಆದಕಾರಣ ಚಿತ್ತೂರಿನ ವಿವರಣೆಯನ್ನು ಇತ್ತಣ ನೂರು ಮಂದಿಗೆ ಹಾಗೆಯೇ ಹೊಂದಿಸುವುದು ಯುಕ್ತವಲ್ಲ.

ಹುಟ್ಟುಕೊಲೆಗಾರರೆಂಬುದಂತೂ ಆ ಬರಹಗಳಿಂದಲೇ ಬಿದ್ದುಹೋಗುತ್ತದೆ. ಹುಡುಗರನ್ನು ಮೆಲ್ಲಮೆಲ್ಲನೆ ಕಸುಬಿಗೆ ಒಗ್ಗಿಸುತ್ತಿದ್ದರು. ಮೊದಲ ಪಯಣದಲ್ಲಿ ಕೊಲೆಯನ್ನು ಕಾಣಗೊಡುತ್ತಿರಲಿಲ್ಲ. ಉತ್ತರದ 14 ವರ್ಷದ ಬಾಲಕನೊಬ್ಬನು ಅದನ್ನು ಕಂಡುಬಿಟ್ಟು, ಭೀತಿಯಿಂದ ಮತಿಗೆಟ್ಟು, ಸಂಜೆಯೊಳಗೆ ಸತ್ತನೆಂದು ಸ್ಲೀಮನ್ನನ 1836ರ ಗ್ರಂಥದಲ್ಲಿದೆ. ಕೊಲೆಯು ರಕ್ತಗತವಾಗಿದ್ದರೆ ಮಕ್ಕಳಿಂದ ಮರೆಮಾಡಬೇಕಾದುದೇಕೆ? ಆದರೂ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡಿಯ ಕುಲಗಳಿಗೆ ಹುಟ್ಟಿನಿಂದಲೇ ಕಳಂಕ ಹಚ್ಚಿತು. ಅದು ದೇಶದಾದ್ಯಂತ ರದ್ದಾದುದು 1952ರಲ್ಲಿ.