ದಿಗ್ಬಂಧನ, ಷೇರು ಮತ್ತು ಕಾರವಾರದ ರಸ್ತೆ

1861ರಲ್ಲಿ ಲಿಂಕನ್ ಅಮೆರಿಕದ ದಕ್ಷಿಣ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಹಾಕಿದ. ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರೋದು ಹೆಚ್ಚುಕಮ್ಮಿ ನಿಂತೇಹೋಯ್ತು. ಆ ಕಾಲದ ಹೈಟೆಕ್ ಅಂದ್ರೆ ಈ ಗಿರಣಿಗಳೇ ತಾನೇ? ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಮ್ಯಾಂಚೆಸ್ಟರ್ ಕಾಟನ್ ಕಂಪನಿ, ಧಾರವಾಡದ ಹತ್ತಿ ತರಿಸೋಣ ಅಂತ ಕಾರವಾರದ ಪಕ್ಕದ ಸದಾಶಿವಗಡಕ್ಕೆ ಯಂತ್ರ ಕಳಿಸಿತು. ನೋಡಿದರೆ ಘಟ್ಟದ ರಸ್ತೆಯೇ ಮುಗಿದಿರಲಿಲ್ಲ! ಕಂಪನಿ ಹೆಚ್ಚು ದಿನ ಬಾಳಲಿಲ್ಲ. ಇತ್ತ ಬೊಂಬಾಯಿಯಲ್ಲಿ ಹತ್ತಿಯ ದುಡ್ಡೆಲ್ಲ ಷೇರುಗಳಿಗೆ ಹರಿದಿತ್ತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಪೇಟೆ ಕುಸಿಯಿತು.

2022ರಲ್ಲಿ ಅಮೆರಿಕ ಚೀನಾಕ್ಕೆ ಹೋಗುವ ಚಿಪ್‌ಗಳ ಮೇಲೆ ನಿರ್ಬಂಧ ಬಿಗಿ ಮಾಡಿದಾಗಲೂ "ಆ ಜಾಗ ತುಂಬೋ ಕಂಪನಿ ಯಾವುದು?" ಅಂತ ಹುಡುಕಿದವರು ಬಹಳ. ಹುಡುಕಿ, ಬೇಡ ಅನ್ನಲ್ಲ. ಆದರೆ ದುಡ್ಡು ಹಾಕೋ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಿ: ರಸ್ತೆ ಆಗಿದೆಯಾ? ನಾಳೆ ಅವರವರು ರಾಜಿಯಾದರೆ ಈ ಬೆಲೆ ನಿಲ್ಲುತ್ತಾ?