ಮೈಸೂರು ಸೀಮೆಯಲ್ಲಿ ಸಿಡುಬಿನ ದಾಕು: ಅಬ್ಬೆ ದುಬೋಯ್‌ರವರ ಸೇವೆ

ಧರ್ಮಕೇಂದ್ರದ ನೂರು ವರ್ಷಗಳನ್ನು ನೆನೆಯುವಾಗ ನಾವು ಗೋಪುರ, ಗಂಟೆ, ಬಲಿಪೀಠಗಳ ಕಾಲವನ್ನು ಎಣಿಸುತ್ತೇವೆ. ರೋಗರುಜಿನಗಳ ಕಾಲದಲ್ಲಿ ಜನರಿಗೆ ಔಷಧವನ್ನು ಮುಟ್ಟಿಸಿದ ಸೇವೆಯೂ ಧರ್ಮಸಭೆಯ ಚರಿತ್ರೆಗೆ ಸೇರಿದುದೇ ಆಗಿದೆ. ಅದಕ್ಕೊಂದು ಹಿರಿಯ ನಿದರ್ಶನ ಅಬ್ಬೆ ದುಬೋಯ್‌ರವರು.

ಫ್ರಾನ್ಸ್ ದೇಶದ ಈ ಗುರುಗಳು ಪ್ಯಾರಿಸ್ ಮಿಶನ್ ಸಂಸ್ಥೆಯವರು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ತರುವಾಯ, ಚದರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಲು ಮೈಸೂರು ಸೀಮೆಗೆ ಬಂದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಕಟ್ಟಿದರು.

ಅಂದು ಸಿಡುಬು ಊರೂರುಗಳನ್ನು ನಡುಗಿಸುತ್ತಿತ್ತು. 1796ರಲ್ಲಿ ಜೆನ್ನರ್ ಮಹಾಶಯನು ಪರೀಕ್ಷಿಸಿ ತೋರಿಸಿದ ಗೋಸಿಡುಬಿನ ದಾಕು ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ 1802ರಲ್ಲಿ ಮುಂಬಯಿಯನ್ನು ತಲುಪಿತು. ಜೂನ್ 14ರಂದು ಅಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದ ದಾಕಿನಿಂದಲೇ ಅದು ದೇಶದ ಇತರೆಡೆಗಳಿಗೆ ಹಬ್ಬಿತು.

ಲಸಿಕೆಯನ್ನು ತಂಪಾಗಿಡುವ ಸಾಧನಗಳು ಆಗ ಇರಲಿಲ್ಲ. ದಾರಕ್ಕೆ ಅದ್ದಿ ಒಣಗಿಸಿದ ರಸವು ಬಿಸಿಲಿಗೆ ಬಹುಬೇಗ ಶಕ್ತಿಗುಂದುತ್ತಿತ್ತು. ಆದಕಾರಣ ಮನುಷ್ಯನ ತೋಳೇ ಔಷಧದ ಪಾತ್ರೆಯಾಯಿತು. ದಾಕು ಹಾಕಿದ ಎಂಟನೆಯ ದಿನದ ಸುಮಾರಿಗೆ ಗುಳ್ಳೆ ಬಲಿಯುವುದು. ಆಗಲೇ ಅದರ ರಸವನ್ನು ಮತ್ತೊಬ್ಬರ ತೋಳಿಗೆ ದಾಟಿಸಬೇಕು. ಆ ತೋಳು ಸಿದ್ಧವಿಲ್ಲದಿದ್ದರೆ ಸರಪಳಿ ಕಡಿದು, ದೂರದೂರಿನಿಂದ ಮತ್ತೆ ತರಿಸಬೇಕಾಗುತ್ತಿತ್ತು. ಯಾವ ಹಳ್ಳಿ, ಯಾವ ದಿನ, ಯಾರ ಮಗು ಎಂಬುದನ್ನು ಮುಂಚಿತವಾಗಿ ಗೊತ್ತುಪಡಿಸದೆ ಈ ಕಾರ್ಯ ಸಾಗುವಂತಿರಲಿಲ್ಲ.

ಅದಕ್ಕಿಂತಲೂ ಕಠಿಣವಾದುದು ಜನರ ಅಂಜಿಕೆ. ಸಿಡುಬನ್ನು ಅಮ್ಮನೆಂದು ಭಾವಿಸಿದ್ದ ತಾಯಂದಿರು ಪರದೇಶದ ರಸವನ್ನು ಮಗುವಿನ ಮೈಗೆ ಹಾಕಿಸಲು ಹೇಗೆ ಒಪ್ಪಿಯಾರು? ಒಬ್ಬರ ತೋಳಿನದನ್ನು ಇನ್ನೊಬ್ಬರಿಗೆ ಹಾಕುವುದಕ್ಕೆ ಜಾತಿಯ ತಡೆಯೂ ಇತ್ತು. ದುಬೋಯ್‌ರವರಾದರೋ ನಾಡಿನ ಉಡುಪನ್ನುಟ್ಟು, ನಾಡಿನ ನಡೆನುಡಿಗಳನ್ನು ಅನುಸರಿಸಿ ಜನರ ನಡುವೆ ಬಾಳಿದವರು. ವಿರೋಧವನ್ನು ಎದುರಿಸಿ ಅವರು ಕೈಗೊಂಡ ಪ್ರಯತ್ನದಿಂದ 1803–04ರಲ್ಲಿ 25,432 ಮಂದಿ ದಾಕು ಹಾಕಿಸಿಕೊಂಡರೆಂದು ದಾಖಲೆಯಾಗಿದೆ.

1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು; 1980ರಲ್ಲಿ ಜಗತ್ತೇ ಅದರಿಂದ ಮುಕ್ತವೆಂದು ಸಾರಲಾಯಿತು. 2021ರಲ್ಲಿ ಕೊರೋನಾ ಲಸಿಕೆಗಾಗಿ ನಾವು ಸಾಲುಗಟ್ಟಿ ನಿಂತಾಗಲೂ ಬೇಕಾಗಿದ್ದುದು ಅವೇ ಮೂರು: ಗೊತ್ತಾದ ದಿನ, ಸರಿಯಾದ ಪಟ್ಟಿ, ಹೇಳುವವರ ಮಾತಿನಲ್ಲಿ ನಂಬಿಕೆ. ಔಷಧವಿದ್ದರೆ ಸಾಲದು, ಅದನ್ನು ಮುಟ್ಟಿಸುವ ಕೈಗಳೂ ಬೇಕು.

ರೋಗಿಗಳನ್ನು ಮುಟ್ಟಿ ಗುಣಪಡಿಸಿದ ಪ್ರಭು ಯೇಸುವು ಮುಂದಿನ ನೂರು ವರ್ಷಗಳಲ್ಲಿಯೂ ನಮ್ಮ ಧರ್ಮಕೇಂದ್ರದ ಕೈಗಳನ್ನು ಅಂಥ ಸೇವೆಗೆ ಸಿದ್ಧವಾಗಿಡಲೆಂದು ಪ್ರಾರ್ಥಿಸೋಣ.