ದ್ರಾಕ್ಷಿಯ ನಾಡಿನಲ್ಲಿ ದ್ರಾಕ್ಷಾರಸದ ವಿಚಾರ

ಗಡಿನಾಡ ಕನ್ನಡಿಗರಾದ ನಮ್ಮ ಜತ್ತ ತಾಲೂಕಿನ ಮಕ್ಕಳು ಇಂದು ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿಯೂ ಸಾಗರದಾಚೆಯ ದೇಶಗಳಲ್ಲಿಯೂ ಉದ್ಯೋಗದಲ್ಲಿದ್ದಾರೆ. ಡಿಸೆಂಬರ್ ತಿಂಗಳು ಬಂತೆಂದರೆ ಸಹೋದ್ಯೋಗಿಗಳ ಮನೆಯ ಕ್ರಿಸ್ಮಸ್ ಭೋಜನಕ್ಕೆ ಅವರಿಗೆ ಕರೆ ಬರುತ್ತದೆ. ಕೆಲವರು ತಾವೇ ಅಂಥ ಊಟ ಏರ್ಪಡಿಸುತ್ತಾರೆ. ಆಗ ಯಾವ ಖಾದ್ಯಕ್ಕೆ ಯಾವ ವೈನು, ಅದೂ ಕೈಗೆಟಕುವ ಬೆಲೆಯಲ್ಲಿ, ಎಂಬ ಪ್ರಶ್ನೆ ಏಳುತ್ತದೆ. ಊರಿನ ಹಿರಿಯರು ಈ ಪ್ರಶ್ನೆಗೆ ಸಾಮಾನ್ಯವಾಗಿ ಮೌನದಿಂದಲೋ ಗದರಿಕೆಯಿಂದಲೋ ಉತ್ತರಿಸುತ್ತಾರೆ. ಆದರೆ ದ್ರಾಕ್ಷಿಯನ್ನೇ ನಂಬಿ ಬದುಕುವ ಪ್ರದೇಶದವರಾದ ನಾವು ಅದರ ರಸದ ಇತಿಹಾಸವನ್ನು ಒಮ್ಮೆ ಶಾಂತಚಿತ್ತದಿಂದ ಅವಲೋಕಿಸುವುದು ಯುಕ್ತವೆಂದು ಭಾವಿಸಿ ಈ ಲೇಖನವನ್ನು ಓದುಗ ಬಂಧುಗಳ ಮುಂದಿರಿಸುತ್ತಿದ್ದೇವೆ.

ಪ್ರಾಚೀನ ಉಲ್ಲೇಖಗಳು

ದ್ರಾಕ್ಷಿಯ ಮದ್ಯ ಪಾಶ್ಚಾತ್ಯರೊಡನೆ ಬಂದದ್ದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಿಯ ರಸದಿಂದಾದ ಮದ್ಯವನ್ನು ‘ಮಧು’ ಎಂದು ಕರೆದು, ಅದು ಬರುವ ಪ್ರದೇಶಗಳಿಂದಾಗಿ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನೂ ಹೇಳುತ್ತದೆ. ಕಾಪಿಶಾಯನವೆಂದರೆ ಇಂದಿನ ಅಫ್ಘಾನಿಸ್ತಾನದ ಕಾಪಿಶದ್ದು. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಗ್ರಂಥವು ಭರುಕಚ್ಛ ಬಂದರಿಗೆ ಇಟಲಿಯ ದ್ರಾಕ್ಷಾರಸ ಆಮದಾಗುತ್ತಿತ್ತೆಂದು ತಿಳಿಸುತ್ತದೆ. ಆ ಬಂದರಿನೊಡನೆ ವ್ಯಾಪಾರ ಸಂಬಂಧವಿದ್ದ ದಖ್ಖನಿನ ನಗರಗಳೆಂದು ಪೈಠಣ ಮತ್ತು ತಗರಗಳನ್ನು ಅದು ಹೆಸರಿಸುತ್ತದೆ. ತಗರವೇ ಇಂದಿನ ತೇರ. ನಮ್ಮ ನೆರೆಯ ಕೊಲ್ಹಾಪುರದ ಬ್ರಹ್ಮಪುರಿಯ ಉತ್ಖನನದಲ್ಲಿ ಪೊಸೈಡನ್ ದೇವತೆಯ ಕಂಚಿನ ಮೂರ್ತಿ ದೊರೆತಿರುವುದು ಈ ರೋಮನ್ ವ್ಯಾಪಾರದ ಸಾಕ್ಷಿ.

ಕನ್ನಡ ಕವಿಗಳಿಗೂ ಈ ವಿಷಯ ಅಪರಿಚಿತವಲ್ಲ. ಮಹಾಕಾವ್ಯದಲ್ಲಿ ಬರಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಪ್ರದೇಶವನ್ನಾಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ, ಪಾನೀಯಭೋಗ ಎಂಬ ಪ್ರಕರಣಗಳಿವೆ. ಊಟಕ್ಕೆ ತಕ್ಕ ಪಾನೀಯವನ್ನು ಕುರಿತು ಯೋಚಿಸುವುದು ನಮ್ಮ ಮಣ್ಣಿನ ಅರಸನಿಗೂ ಒಂದು ವಿದ್ಯೆಯಾಗಿತ್ತೆಂಬುದನ್ನು ಇದರಿಂದ ಗ್ರಹಿಸಬಹುದು.

ಅದೇ ಶತಮಾನದಲ್ಲಿ ಬೇರೊಂದು ಧ್ವನಿಯೂ ಎದ್ದಿತು. ನಮ್ಮ ಪಕ್ಕದ ಮಂಗಳವೇಢೆಯು ಬಸವಣ್ಣನವರು ಕಾಯಕ ನಡೆಸಿದ ಸ್ಥಳ. ನಮ್ಮ ತಾಲೂಕಿನ ಗುಡ್ಡಾಪುರವು ಶರಣೆ ದಾನಮ್ಮನ ಕ್ಷೇತ್ರ. ಆ ಶರಣ ಸಮೂಹದಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನೂ ಇದ್ದನು. ತನ್ನ ವೃತ್ತಿಯ ಮಾತುಗಳನ್ನೇ ಹಿಡಿದು ಮನುಷ್ಯನ ಅಹಂಕಾರದ ಅಮಲನ್ನು ಕುರಿತು ವಚನ ನುಡಿದ ಆತನನ್ನು ಶರಣರು ಹೊರಗಿರಿಸಲಿಲ್ಲ. ಈ ಪ್ರಸಂಗವನ್ನು ನಾವು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

ಪ್ರವಾಸಿಗರು ಕಂಡ ದಖ್ಖನ್

ಹದಿನಾಲ್ಕನೆಯ ಶತಮಾನದಲ್ಲಿ ದೌಲತಾಬಾದಿಗೆ ಬಂದ ಇಬ್ನ್ ಬತೂತನು ಅಲ್ಲಿ ದ್ರಾಕ್ಷಿ ಮತ್ತು ದಾಳಿಂಬೆಗಳು ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆಂದು ಬರೆದಿದ್ದಾನೆ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿನ ಪೇಟೆಯಲ್ಲಿ ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ದೊರೆಯುತ್ತಿದ್ದುವೆಂದು ದರವನ್ನೇ ದಾಖಲಿಸಿದ್ದಾನೆ. ಇಂದು ಜತ್ತ ತಾಲೂಕಿನ ರೈತನ ಮುಖ್ಯ ತೋಟದ ಬೆಳೆಗಳೂ ಇವೇ ಎರಡು. ಆದರೆ ಆ ಕಾಲದಲ್ಲಿ ದ್ರಾಕ್ಷಿ ಹಣ್ಣಾಗಿಯೇ ಹೆಚ್ಚು ಬಳಕೆಯಾಯಿತು. ಜನಸಾಮಾನ್ಯರ ಪಾನೀಯವು ಈಚಲ ಮರದ ಸಿಂದಿಯಾಗಿತ್ತು. ದ್ರಾಕ್ಷಾರಸವು ಶ್ರೀಮಂತರ ಪಾಲಿನದು. ಹದಿನೇಳನೆಯ ಶತಮಾನದಲ್ಲಿ ಮೊಗಲರ ದಿಲ್ಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯರನು, ಅಲ್ಲಿ ಶಿರಾಜಿನ ಹಾಗೂ ಕೆನರಿ ದ್ವೀಪಗಳ ದ್ರಾಕ್ಷಾರಸ ಮಾತ್ರ ಸಿಗುತ್ತಿದ್ದು ಬಲು ದುಬಾರಿಯಾಗಿತ್ತೆಂದು ತಿಳಿಸುತ್ತಾನೆ.

ಕ್ರಿಸ್ಮಸ್ ಪಂಕ್ತಿ ಮತ್ತು ಅಗ್ಗದ ವೈನು

ಕ್ರೈಸ್ತ ಧರ್ಮದಲ್ಲಿ ದ್ರಾಕ್ಷಾರಸಕ್ಕೆ ಪೂಜ್ಯ ಸ್ಥಾನವಿದೆ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸವಾಗಿಸಿದ ಕಥೆ ಸರ್ವವಿದಿತ. ನಮ್ಮ ಭಾಗದ ಕ್ರೈಸ್ತರ ಇತಿಹಾಸವೂ ಹಳೆಯದು. ಮುದಗಲ್ಲಿನಲ್ಲಿ ಆದಿಲಶಾಹಿಯ ಕಾಲದಲ್ಲಿಯೇ ಅವರ ನೆಲೆಯಿತ್ತು. ನಮ್ಮವರು ಇಂದಿಗೂ ಔಷಧೋಪಚಾರಕ್ಕೆ ಹೋಗುವ ಮಿರಜದಲ್ಲಿ ಡಾ. ವಾನ್‌ಲೆಸ್ ಅವರ ಮಿಶನ್ ಆಸ್ಪತ್ರೆ 1894ರಲ್ಲಿ ಆರಂಭವಾಯಿತು.

ಕ್ರಿಸ್ಮಸ್ ಊಟಕ್ಕೆ ಇಂಥದೇ ವೈನು ಎಂಬ ನಿಯಮ ಹೇಗೆ ಹುಟ್ಟಿತೆಂದು ವಿಚಾರಿಸಿದರೆ, ಅದರ ಹಿಂದೆ ಶಾಸ್ತ್ರಕ್ಕಿಂತ ಸುಂಕ ಮತ್ತು ದೂರಗಳೇ ಹೆಚ್ಚು ಕಾಣುತ್ತವೆ. 1703ರಲ್ಲಿ ಇಂಗ್ಲೆಂಡು ಮತ್ತು ಪೋರ್ತುಗಾಲಗಳ ನಡುವೆ ಮೆಥುಯೆನ್ ಒಪ್ಪಂದವಾಯಿತು. ಅದರಂತೆ ಪೋರ್ತುಗಾಲದ ವೈನಿಗೆ ಫ್ರಾನ್ಸಿನ ವೈನಿಗಿಂತ ಮೂರನೆಯ ಒಂದು ಪಾಲು ಕಡಿಮೆ ಸುಂಕ. ಇಂಗ್ಲಿಷರು ಪೋರ್ಟ್ ಎಂಬ ಸಿಹಿಯಾದ ಗಟ್ಟಿ ವೈನಿಗೆ ಒಗ್ಗಿಕೊಂಡದ್ದರಲ್ಲಿ ಈ ಅಗ್ಗದ ಸುಂಕದ ಪಾತ್ರ ದೊಡ್ಡದು. ಕ್ರಮೇಣ ಅದೇ ಅವರ ಕ್ರಿಸ್ಮಸ್ ಸಂಪ್ರದಾಯದ ಭಾಗವಾಯಿತು. ಗೋವೆಯಲ್ಲಿಯೂ ಇಂಥದೇ ಮಾರ್ಪಾಡು ನಡೆಯಿತು. ವೈನು ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸವನ್ನು ನೆನೆಸುವ ಪೋರ್ತುಗೀಜ ಅಡುಗೆ ಅಲ್ಲಿಗೆ ಬಂದಾಗ, ವೈನಿನ ಸ್ಥಾನವನ್ನು ತೆಂಗಿನ ಕಳ್ಳಿನ ಹುಳಿ ವಿನೆಗರ್ ತುಂಬಿತು. ಖಾದ್ಯ ‘ವಿಂಡಾಲು’ ಆಯಿತು. ಕೇರಳದ ಪ್ರಾಚೀನ ಕ್ರೈಸ್ತರು ತಾಜಾ ದ್ರಾಕ್ಷಿ ದೊರೆಯದೆ, ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿ ಹಿಂಡಿದ ರಸವನ್ನೇ ಪೂಜೆಗೆ ಬಳಸುತ್ತಿದ್ದರು. ಮಂಗಳೂರು, ಬೆಂಗಳೂರುಗಳ ಕ್ರೈಸ್ತ ಮನೆಗಳಲ್ಲಿ ಕಪ್ಪು ದ್ರಾಕ್ಷಿಯನ್ನು ಕಿವುಚಿ, ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ, ಲವಂಗ, ದಾಲ್ಚಿನ್ನಿ ಸೇರಿಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನವೂ ಮರದ ಸೌಟಿನಿಂದ ತಿರುವಿ, ಸುಮಾರು ಮೂರು ವಾರಗಳ ಬಳಿಕ ಸೋಸಿ ಹಬ್ಬದ ವೈನು ಮಾಡುವ ರೂಢಿಯಿದೆ. ಹತ್ತಿರ ಸಿಕ್ಕಿದ್ದು, ಕೈಗೆಟಕಿದ್ದು ಹಬ್ಬದ ಪಂಕ್ತಿಗೆ ಬಂದಿದೆ. ಆಮೇಲೆ ಅದೇ ಸಂಪ್ರದಾಯವೆನಿಸಿದೆ.

ನಮ್ಮ ದ್ರಾಕ್ಷಿ, ನಮ್ಮ ರೈತ

1948ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷವೇ ಮುಂಬಯಿ ಪಾನನಿಷೇಧ ಕಾಯ್ದೆ ಬಂದಿತು. ಹೀಗಾಗಿ ನಮ್ಮ ಪೀಳಿಗೆ ಬೆಳೆದದ್ದೇ ಪಾನನಿಷೇಧದ ನೆರಳಿನಲ್ಲಿ. ಅತ್ತ ತಾಸಗಾವ ಭಾಗದಲ್ಲಿ ಥಾಮ್ಸನ್ ಸೀಡ್‌ಲೆಸ್ ತಳಿಯಿಂದ ಆಯ್ದ ‘ತಾಸ್-ಎ-ಗಣೇಶ’ ತಳಿ ಪ್ರಸಿದ್ಧವಾಯಿತು. ಕೃಷ್ಣೆಯ ನೀರು ಸುಲಭವಾಗಿ ಬಾರದ ನಮ್ಮ ಬರಡು ನೆಲದಲ್ಲಿಯೂ ಉಮದಿ, ಸಂಖ ಮೊದಲಾದೆಡೆ ರೈತರು ಕೃಷಿಹೊಂಡ ತೋಡಿ, ಹನಿ ನೀರಾವರಿ ಹಾಕಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡರು. ಹಣ್ಣಿನ ದರ ಬಿದ್ದಾಗ ಅದನ್ನು ಶೆಡ್ಡಿನಲ್ಲಿ ಒಣಗಿಸಿ ‘ಬೇದಾಣೆ’ ಮಾಡುತ್ತೇವೆ. ಬೀಜವಿಲ್ಲದ್ದು ಎಂಬರ್ಥದ ಪಾರಸಿ ಮಾತಿದು. ಸುಮಾರು ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಬೇದಾಣೆ. ಸಾಂಗಲಿಯ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

2001ರಲ್ಲಿ ಮಹಾರಾಷ್ಟ್ರ ಸರಕಾರವು ದ್ರಾಕ್ಷಿ ಸಂಸ್ಕರಣ ನೀತಿಯನ್ನು ಪ್ರಕಟಿಸಿ, ನಾಶಿಕ ಜಿಲ್ಲೆಯ ವಿಂಚೂರಿನಲ್ಲಿಯೂ ನಮ್ಮ ಜಿಲ್ಲೆಯ ಪಲೂಸಿನಲ್ಲಿಯೂ ವೈನ್ ಪಾರ್ಕುಗಳನ್ನು ಯೋಜಿಸಿತು. ಕರ್ನಾಟಕವು 2007ರಲ್ಲಿ ತನ್ನ ವೈನ್ ನೀತಿಯನ್ನು ತಂದಿತು. ನಾಶಿಕ ಬೆಳೆಯಿತು, ಪಲೂಸು ಆ ಮಟ್ಟಕ್ಕೆ ಏರಲಿಲ್ಲ. ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಅರಿಯಬೇಕು. ನಾವು ಬೆಳೆಯುವ ಬೀಜರಹಿತ ದ್ರಾಕ್ಷಿ ತಿನ್ನಲು ಯೋಗ್ಯ. ಉತ್ತಮ ವೈನಿಗೆ ಶಿರಾಜ್, ಕ್ಯಾಬರ್ನೆ ಸೊವಿನ್ಯೊನ್, ಶೆನಿನ್ ಬ್ಲಾಂಕ್ ಮೊದಲಾದ, ಚಿಕ್ಕ ಕಾಯಿಯ ಬೀಜವುಳ್ಳ ತಳಿಗಳು ಬೇಕು. ಅವನ್ನು ನೆಟ್ಟವನಿಗೆ ಕೊಳ್ಳುವವನು ವೈನ್ ಕಾರಖಾನೆಯವನೊಬ್ಬನೇ. ಅವನು ಕೈಬಿಟ್ಟರೆ ಹಣ್ಣನ್ನು ಸಂತೆಗೆ ಒಯ್ಯಲಾಗದು. 2008–09ರ ಆರ್ಥಿಕ ಹಿಂಜರಿತದ ತರುವಾಯ ಹಲವು ಕಾರಖಾನೆಗಳು ಖರೀದಿ ನಿಲ್ಲಿಸಿದಾಗ ಮಹಾರಾಷ್ಟ್ರದ ರೈತರು ಬಳ್ಳಿಗಳನ್ನೇ ಕಿತ್ತುಹಾಕಬೇಕಾಯಿತು. ಆದ್ದರಿಂದ ವೈನಿನಿಂದ ರೈತನ ಉದ್ಧಾರವೆಂಬ ಘೋಷಣೆಯನ್ನು ಕೇಳಿದಾಗ, ಖರೀದಿಯ ಕರಾರು ಎಷ್ಟು ವರ್ಷದ್ದೆಂದು ಮೊದಲು ಕೇಳಬೇಕು.

ಆಯ್ಕೆಯ ವಿವೇಕ

ಇನ್ನು ಮಕ್ಕಳ ಪ್ರಶ್ನೆಗೆ ಬರೋಣ. ಆಮದು ವೈನಿಗೆ ನಮ್ಮ ದೇಶದಲ್ಲಿ ಬಹುಕಾಲದಿಂದ ಭಾರಿ ಸುಂಕವಿರುವುದರಿಂದ, ಅದೇ ಹಣಕ್ಕೆ ನಾಶಿಕದ ಅಥವಾ ನಂದಿಬೆಟ್ಟದ ಸೀಮೆಯ ವೈನು ಉತ್ತಮವಾದುದು ದೊರೆಯುತ್ತದೆ. ಮೀನು, ಕೋಳಿ, ಖಾರದ ತರಕಾರಿಗಳಿಗೆ ತುಸು ಸಿಹಿಯುಳ್ಳ ಬಿಳಿಯ ಶೆನಿನ್ ಬ್ಲಾಂಕ್ ಹೊಂದುತ್ತದೆ. ಸಿಹಿಯು ಖಾರವನ್ನು ತಗ್ಗಿಸುತ್ತದೆ. ಕುರಿಮಾಂಸಕ್ಕೆ ಕೆಂಪು ಶಿರಾಜ್ ಸರಿ. ಕೇಕಿಗೆ ಕೇಕಿನಷ್ಟಾದರೂ ಸಿಹಿಯಾದ ವೈನು ಬೇಕು, ಇಲ್ಲವಾದರೆ ಹುಳಿಯೆನಿಸುತ್ತದೆ. ಅಗ್ಗದ ಬಿಳಿ ವೈನು ಹಳತಾದಷ್ಟು ಕೆಡುತ್ತದೆಯಾದ್ದರಿಂದ ಬಾಟಲಿಯ ಮೇಲಿನ ವರ್ಷವನ್ನು ನೋಡಿ ಹೊಸದನ್ನೇ ಕೊಳ್ಳಬೇಕು. ನಮ್ಮ ಸೆಕೆಯಲ್ಲಿ ಕೆಂಪನ್ನೂ ಅರ್ಧ ತಾಸು ಫ್ರಿಜ್ಜಿನಲ್ಲಿಡುವುದು ಒಳಿತು. 750 ಮಿಲಿಲೀಟರಿನ ಬಾಟಲಿಯಲ್ಲಿ ಐದು ಲೋಟಗಳಾಗುತ್ತವೆ. ಐದು ಜನರಿಗೆ ಒಂದು ಬಾಟಲಿ ಸಾಕು.

ಕುಡಿಯದವರೂ ಪಂಕ್ತಿಯಲ್ಲಿರುತ್ತಾರೆ. ಅವರಿಗೆ ಸಮಾನ ಗೌರವದ ಲೋಟ ಇಡುವುದು ಆತಿಥ್ಯದ ಮೊದಲ ಧರ್ಮ. 1869ರಲ್ಲಿ ಅಮೇರಿಕೆಯ ವೆಲ್ಚ್ ಎಂಬಾತನು ದ್ರಾಕ್ಷಿಯ ರಸವನ್ನು ಹುಳಿಯದಂತೆ ಕಾಯಿಸಿಡುವ ವಿಧಾನವನ್ನು ರೂಢಿಸಿದ್ದೇ ಮದ್ಯ ಬೇಡವೆಂಬ ಕ್ರೈಸ್ತರ ಪೂಜೆಗಾಗಿ. ನಮ್ಮ ಬೇದಾಣೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅರೆದು ಸೋಸಿ, ನಿಂಬೆ, ಏಲಕ್ಕಿ ಸೇರಿಸಿದ ಪಾನಕ ಯಾವ ಭೋಜನಕ್ಕೂ ಶೋಭೆ ತರಬಲ್ಲದು.

ಈ ವಿಷಯದ ಇನ್ನೊಂದು ಮುಖವನ್ನು ನಾವು ಮರೆಯುವಂತಿಲ್ಲ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರವು ದೊಡ್ಡ ಕಿರಾಣಿ ಮಳಿಗೆಗಳಲ್ಲಿ ವೈನ್ ಮಾರಾಟಕ್ಕೆ ಒಪ್ಪಿಗೆ ನೀಡಿದಾಗ ಪ್ರಬಲ ವಿರೋಧ ವ್ಯಕ್ತವಾಯಿತು. ನಿರ್ಣಯ ಜಾರಿಗೆ ಬರಲಿಲ್ಲ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮಹಿಳೆಯರು ಮತ ಹಾಕಿ ಸಾರಾಯಿ ಅಂಗಡಿ ಮುಚ್ಚಿಸುವ ಅವಕಾಶವಿದೆ. ಮತಪತ್ರದಲ್ಲಿ ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ ಎಂಬ ಎರಡು ಚಿತ್ರಗಳು. ಅಡ್ಡ ಬಾಟಲಿಗೆ ಬಹುಮತ ಬಂದರೆ ಅಂಗಡಿ ಮುಚ್ಚಬೇಕು. ಗಂಡನ ಕುಡಿತದಿಂದ ಮನೆಯ ಅಕ್ಕಿ-ಜೋಳ ಕರಗುವುದನ್ನು ಕಂಡ ತಾಯಂದಿರ ತೀರ್ಪು ಅದು. ಶಿಕ್ಷಕರಾಗಿ ದುಡಿದ ನಾವು ಅಂಥ ಮನೆಗಳ ಮಕ್ಕಳ ಹಸಿದ ಮುಖಗಳನ್ನು ವರ್ಗದಲ್ಲಿ ಕಂಡವರು. ಪೇಟೆಯ ಭೋಜನದ ಒಂದು ಲೋಟ ವೈನಿಗೂ ಹಳ್ಳಿಯ ಸಾರಾಯಿಗೂ ವ್ಯತ್ಯಾಸವಿದೆಯೆಂಬುದು ನಿಜ. ಆದರೆ ಎರಡರಲ್ಲಿಯೂ ಇರುವ ಮದ್ಯಸಾರ ಒಂದೇ.

ಆದಕಾರಣ ಮಕ್ಕಳಿಗೆ ನಾವು ಹೇಳುವುದಿಷ್ಟೆ. ಕರೆದವರ ಹಬ್ಬವನ್ನು ಗೌರವಿಸಿರಿ, ಕುಡಿಯುವುದಾದರೆ ಮಿತಿಯಲ್ಲಿರಿ, ಬೇಡವೆನ್ನುವುದಾದರೆ ಸಂಕೋಚಪಡದೆ, ಕುಡಿಯುವವರನ್ನು ಹೀಗಳೆಯದೆ ಬೇಡವೆನ್ನಿರಿ. ಹೆಂಡದ ಮಾರಯ್ಯನನ್ನು ತಮ್ಮೊಡನೆ ಕೂರಿಸಿಕೊಂಡ ಶರಣರ ನಾಡಿನವರು ನಾವು. ಕೇಕಿನೊಳಗಿನ ಒಣದ್ರಾಕ್ಷಿಯನ್ನು ಸವಿಯುವಾಗ, ಅದು ಯಾವ ಊರಿನ ಶೆಡ್ಡಿನಲ್ಲಿ ಒಣಗಿತು, ಬೆಳೆದವನಿಗೆ ಆ ವರ್ಷ ಯಾವ ದರ ಸಿಕ್ಕಿತು ಎಂಬ ವಿಚಾರವೂ ನಿಮ್ಮ ಮನಸ್ಸಿನಲ್ಲಿ ಸುಳಿಯಲಿ.